ಗಡಿ ನಡೆಯುವ ವಿಠೋಬಾ

ಯುದ್ಧಕ್ಕೆ ಆಳು ಸೇರಿಸಲು ಬಂದ ಜಮಾದಾರನ ಮಾತು ಬೆಣ್ಣೆಯಂತಿತ್ತು. ಅದಕ್ಕೇ ವಿಠೋಬಾನಿಗೆ ಅವನ ಮೇಲೆ ಅನುಮಾನ. ನಲವತ್ತೊಂದರ ಮಳೆಗಾಲ, ಹೆಸರುಕಾಯಿ ಬಿಡಿಸುವ ದಿನಗಳು. ಕಂಗ್ಟಿ ಊರಿನ ಚಾವಡಿ ಕಟ್ಟೆಯ ಮೇಲೆ ಪಟೇಲರ ಪಕ್ಕ ಕೂತು ಜಮಾದಾರ ಲೋಕದ ನಕಾಶೆ ಬಿಚ್ಚಿದ್ದ. ಕೆಳಗೆ ನಿಂತವರಲ್ಲಿ ವಿಠೋಬಾನ ಒಬ್ಬನೇ ಮಗ, ಇಪ್ಪತ್ತರ ಮಾಣಿಕನೂ ಇದ್ದ. ಖಾಕಿ ತೊಟ್ಟರೆ ತಾನೂ ಆ ಕಟ್ಟೆ ಹತ್ತಬಹುದು ಎಂಬುದು ಅವನ ಆಸೆ. ಆಸೆಯೇನೋ ನ್ಯಾಯವಾದದ್ದೇ.

ಗಡಿಯ ವಿಷಯವನ್ನು ವಿಠೋಬಾನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೊಲದವರು ಬಾಂದಿನ ಕಲ್ಲಿಗಾಗಿ ಜಗಳಾಡಿದರೆ, ಹೊಲಗೇರಿಯ ಹಿರಿಯನಾದ ಅವನು ತಲೆಯ ಮೇಲೆ ಮಣ್ಣಿನ ಹೆಂಟೆ ಹೊತ್ತು, ಭೂಮಿತಾಯಿಯ ಆಣೆ ಇಟ್ಟು ನಡೆಯಬೇಕು. ಅವನು ನಡೆದದ್ದೇ ಗಡಿ. ಅವನನ್ನು ಮುಟ್ಟಿಸಿಕೊಳ್ಳದ ಜನ ಅವನ ಹೆಜ್ಜೆಯನ್ನು ಮಾತ್ರ ಕಣ್ಣು ಮುಚ್ಚಿ ನಂಬುತ್ತಿದ್ದರು.

ಜರ್ಮನಿಯವರು ಕಂಡವರ ಗಡಿ ದಾಟುವ ದರೋಡೆಕೋರರು ಎಂದ ಜಮಾದಾರ. ಅವನ ಅಂಗೈ ಮಾತ್ರ ನಕಾಶೆಯ ಒಂದು ಕಡೆಯಿಂದ ಏಳುತ್ತಲೇ ಇರಲಿಲ್ಲ. ಅದು ವಿಠೋಬಾನ ಕಣ್ಣಿಗೆ ಬಿತ್ತು. ಮಗನನ್ನು ಎಲ್ಲಿಗೆ ಕಳಿಸುತ್ತೀರಿ ಎಂದು ಕೇಳಿದ. ಇರಾನಿಗೆ, ಹೋದ ತಿಂಗಳಷ್ಟೇ ಇಂಗ್ಲಿಷರ ಫೌಜು ಅಲ್ಲಿಗೆ ಹೊಕ್ಕಿದೆ ಎಂದು ಜಮಾದಾರ ಅಂಗೈ ಎತ್ತಿ ಅದರಡಿಯ ಜಾಗ ತೋರಿಸಿದ. ಇರಾನಿನವರು ಯಾರ ಗಡಿ ದಾಟಿದ್ದರು ಎಂದು ವಿಠೋಬಾ ಮತ್ತೆ ಕೇಳಿದ. ಯಾರದೂ ಇಲ್ಲ. ಅಲ್ಲಿ ಎಣ್ಣೆಯ ಬಾವಿಗಳಿವೆ, ಜರ್ಮನಿಯವರ ಕೈಗೆ ಸಿಗಬಾರದೆಂದು ನಮ್ಮವರು ಕಾಯುತ್ತಿದ್ದಾರೆ ಎಂದ ಜಮಾದಾರ.

“ಅವ್ರು ದಾಟಿದ್ರ ದರೋಡಿ, ನೀವು ದಾಟಿದ್ರ ಕಾವಲು ಏನ್ರಿ?”

ಜಮಾದಾರ ನಕ್ಕ. ದೊಡ್ಡವರ ಉಸಾಬರಿ ನಿನಗೇಕೆ ಎಂದು ಪಟೇಲರು ಗದರಿದರು. ಮಾಣಿಕ ತಲೆ ತಗ್ಗಿಸಿ ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡ. ವಿಠೋಬಾ ಒಂದು ಹೆಜ್ಜೆ ಮುಂದೆ ಬಂದ. ಈಗ ಬಾಯಿ ಬಿಡದಿದ್ದರೆ ಮಗ ಕೈ ತಪ್ಪುತ್ತಾನೆ.

“ಇವ್ರನ್ನ ನಂಬಬ್ಯಾಡ ಮಾಣಿಕ. ಇಂಥಾ ಸುಳ್ಳು ನಾನೂ ನಡದೀನಿ. ಹೋದ ವರ್ಷ ಪಟೇಲರು ಗಡಿ ದಾಟಿ ಪೀರಪ್ಪನ ಹೊಲದಾಗ ನೇಗಿಲು ಹೊಡಿಸಿದ್ರು. ನಾನು ಹೆಂಟಿ ಹೊತ್ತು ಅದೇ ಸಾಲಿನ ಮ್ಯಾಲ ನಡದು, ಇದೇ ಗಡಿ ಅಂದೆ. ಪೀರಪ್ಪ ದಾಟಿದ್ರ ಹಂಗ ಅಂತಿದ್ದಿಲ್ಲ.”

ಪಟೇಲರ ಮುಖ ಕಪ್ಪಿಟ್ಟಿತು. ಇನ್ನು ಈ ಊರಿನಲ್ಲಿ ತನಗೆ ಉಳಿಗಾಲವಿಲ್ಲ ಎಂದು ವಿಠೋಬಾನಿಗೆ ಗೊತ್ತಾಯಿತು. ಹೋಗಲಿ, ಮಗ ಉಳಿದರೆ ಸಾಕು ಅಂದುಕೊಂಡ.

ಮಾಣಿಕ ಅಪ್ಪನ ಕಡೆ ತಿರುಗಿದ. ಈ ಊರಿನಲ್ಲಿ ಅವನಿಗಿದ್ದ ಹೆಮ್ಮೆಯೆಂದರೆ ಅಪ್ಪನ ಹೆಜ್ಜೆ ಒಂದೇ.

“ಹಂಗಾದ್ರ ಇಲ್ಲಿ ಯಾರ್ನ ನಂಬಿ ಇರ್ಲಿ?” ಎಂದು ಕೇಳಿದ. ಉತ್ತರಕ್ಕೆ ಕಾಯದೆ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದ.