ಒಂಬತ್ತನೆಯ ಕೊಡ

"ಇವತ್ತೇ ನೀರು ಬರಬೇಕಿತ್ತಾ?"

ಮುಖ್ಯೋಪಾಧ್ಯಾಯಿನಿ ಕೇಳಿದ್ದು ಯಾರನ್ನೂ ಅಲ್ಲ. ಐದನೆಯ ತರಗತಿಯ ಬಾಗಿಲಲ್ಲಿ ನಿಂತು ತಲೆ ಎಣಿಸಿದ್ದರು: ಮೂವತ್ತೊಂದರಲ್ಲಿ ಹದಿಮೂರು. ತಪಾಸಣೆಗೆ ಬಂದ ಅಧಿಕಾರಿ ಆಫೀಸು ಕೋಣೆಯಲ್ಲಿ ಕನ್ನಡಕ ಒರೆಸಿಕೊಳ್ಳುತ್ತಾ ಆಗಲೇ ಹೇಳಿಬಿಟ್ಟಿದ್ದರು.

"ಹತ್ತೂವರೆಗೆ ತರಗತಿಗೆ ಬರ್ತೀನಿ. ಆಗ ಇದ್ದವರೇ ಲೆಕ್ಕ, ಓದಿದವರೇ ಲೆಕ್ಕ. ಈ ಸಲವೂ ಕೆಳದರ್ಜೆ ಬಂದ್ರೆ ಇದನ್ನ ಮುಚ್ಚಿ ಹೆದ್ದಾರಿ ಆಚೆ ಶಾಲೆಗೆ ಸೇರಿಸ್ತಾರೆ. ನಿಮಗೆ ಗೊತ್ತಲ್ಲ."

"ನೀರಿನ ದಿನ ಸಾರ್. ಹನ್ನೆರಡರ ಹೊತ್ತಿಗೆ ಎಲ್ಲ ಬಂದುಬಿಡ್ತಾರೆ."

"ನಮೂನೆಯಲ್ಲಿ ನೀರಿಗೆ ಕಾಲಂ ಇಲ್ಲ ಮೇಡಂ."

ಗದರಿ ಹೇಳಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಹೆದ್ದಾರಿ ದಾಟಿಸಿ ಹೆಣ್ಣುಮಕ್ಕಳನ್ನು ಓದಲು ಕಳಿಸುವ ಮನೆ ಈ ಕೇರಿಯಲ್ಲಿ ಒಂದೂ ಇಲ್ಲವೆಂದು ಮುಖ್ಯೋಪಾಧ್ಯಾಯಿನಿಗೆ ಗೊತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದಿನ ಓಣಿಗೆ ನಡೆದರು.

ನಾಲ್ಕು ದಿನಕ್ಕೊಮ್ಮೆ ಬರುವ ನಲ್ಲಿ. ಗೋಡೆಯುದ್ದಕ್ಕೂ ಕೊಡಗಳ ಸಾಲು, ಪ್ರತಿ ಕೊಡದ ಪಕ್ಕ ಒಬ್ಬರು. ಅರ್ಧಕ್ಕರ್ಧ ಸಮವಸ್ತ್ರದಲ್ಲೇ ನಿಂತ ಮಕ್ಕಳು. ಆಳಿಲ್ಲದ ಕೊಡಕ್ಕೆ ಸರದಿಯಿಲ್ಲ, ಆಳು ಆ ಮನೆಯವರೇ ಆಗಿರಬೇಕು. ಎಷ್ಟೋ ಜಗಳ ಕಂಡ ಮೇಲೆ ಹುಟ್ಟಿದ ಕಟ್ಟಳೆ ಅದು.

"ಏನ್ ಟೀಚರಮ್ಮ, ನಿಮ್ಮ ಕೊಡ ಎಲ್ಲಿ? ಬಾಲಕ್ಕೆ ಹೋಗಿ ನಿಂತ್ಕೊಳ್ಳಿ," ಎಂದಳು ಒಬ್ಬ ದಪ್ಪ ಹೆಂಗಸು. ಸಾಲು ನಕ್ಕಿತು.

"ಕೊಡ ತುಂಬಿಸೋಕಲ್ಲಮ್ಮ, ತರಗತಿ ತುಂಬಿಸೋಕೆ ಬಂದೆ."

ಒಂಬತ್ತನೆಯ ಕೊಡದ ಪಕ್ಕ ಗಿಳಿ ನಿಂತಿದ್ದಳು. ಪುಸ್ತಕ ಬಿಡಿಸಿದರೆ ಎಲ್ಲೂ ತಡವರಿಸದೆ ಓದುವುದಕ್ಕೆ ಮಕ್ಕಳೇ ಇಟ್ಟ ಹೆಸರು.

"ಅರ್ಧ ಗಂಟೆ ಬಾರೇ. ಒಂದು ಪುಟ ಓದಿದ್ರೆ ಸಾಕು. ನೀನು ಹೊರಟ್ರೆ ಇವರೂ ಹೊರಡ್ತಾರೆ."

ಉಳಿದ ಮಕ್ಕಳು ಗಿಳಿಯ ಮುಖವನ್ನೇ ನೋಡಿದರು. ಅವಳು ನಲ್ಲಿಯಿಂದ ಕಣ್ಣು ತೆಗೆಯಲಿಲ್ಲ. "ಅಮ್ಮ ಕೆಲಸಕ್ಕೆ ಹೋಗಿದ್ದಾಳೆ ಟೀಚರ್. ಅಜ್ಜಿ ಹಾಸಿಗೆ ಬಿಟ್ಟು ಏಳಲ್ಲ."

"ನಿನ್ನ ಜಾಗದಲ್ಲಿ ನಾನು ನಿಲ್ತೀನಿ."

"ನೀವೇನು ಅವಳ ಮನೆಯವರಾ?" ದಪ್ಪ ಹೆಂಗಸಿನ ದನಿಯಲ್ಲಿ ಈಗ ನಗುವಿರಲಿಲ್ಲ. "ಇವತ್ತು ನಿಮ್ಮನ್ನ ಬಿಟ್ರೆ ನಾಳೆ ಊರೇ ಬಂದು ನಿಲ್ಲುತ್ತೆ. ನಿಂತು ನೋಡಿ, ಕೊಡ ಎಲ್ಲಿ ಹೋಗಿ ಬೀಳುತ್ತೆ ಅಂತ."

ಮುಖ್ಯೋಪಾಧ್ಯಾಯಿನಿ ಹುಡುಗಿಯ ಮಣಿಕಟ್ಟು ಹಿಡಿದರು. ಮಕ್ಕಳೆದುರು ಆಡಬಾರದೆಂದು ವರ್ಷವಿಡೀ ಬಾಯಿ ಕಟ್ಟಿಕೊಂಡಿದ್ದ ಮಾತು ಹೊರಬಿತ್ತು. "ಶಾಲೆ ಮುಚ್ಚಿಹೋಗುತ್ತೆ ಕಣೇ."

"ಗೊತ್ತು ಟೀಚರ್."

ನಲ್ಲಿಯ ಧಾರೆ ಹುರಿಯಷ್ಟು ದಪ್ಪವಿದ್ದದ್ದು ದಾರವಾಗುತ್ತಿತ್ತು. ಮುಂದೆ ಯಾರೋ ತುಂಬಿದ ಕೊಡ ಎತ್ತಿದರು. ಗಿಳಿ ಮೆಲ್ಲಗೆ ಕೈ ಬಿಡಿಸಿಕೊಂಡಳು, ಬಗ್ಗಿ ತನ್ನ ಕೊಡವನ್ನು ಒಂದು ಗೇಣು ಮುಂದಕ್ಕೆ ಸರಿಸಿದಳು.

"ನಾನು ಬರಲ್ಲ, ಟೀಚರ್."