ಉಂಡೆ ಒಡೆದವಳ ಹೆಸರು

ಭಾನುವಾರ ಬೆಳಿಗ್ಗೆ ಅರಸೀಕೆರೆಯ ಆ ಕೊಬ್ಬರಿ ಮಂಡಿಯ ಬೀದಿಯಲ್ಲಿ ಬಾಗಿಲು ತೆಗೆಯುವುದು ಎರಡೇ ಎರಡು. ಒಂದು ಮೂಲೆಯ ಕಾಫಿ ಹೋಟೆಲು, ಇನ್ನೊಂದು ಚನ್ನಬಸವಯ್ಯನವರ ಹಳೇ ಗೋದಾಮು. ಗೋದಾಮಿನಲ್ಲಿ ಕೊಬ್ಬರಿ ತುಂಬುವುದು ನಿಂತು ನಾಲ್ಕು ವರ್ಷವಾಯಿತು. ಈಗ ಅದು ಮಕ್ಕಳ ವಿಜ್ಞಾನ ಕೇಂದ್ರ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ದ್ರಾಕ್ಷಾಯಣಿ ಹತ್ತಾರು ಜನರ ಮನೆ ಬಾಗಿಲು ಸವೆಸಿ ಕಟ್ಟಿದ ಕೇಂದ್ರ. ಸಾಮಾನನ್ನೆಲ್ಲ ಗಾಜಿನ ಬೀರುವಿನಲ್ಲಿಟ್ಟು ದೂರದಿಂದ ತೋರಿಸುವ ಪ್ರಯೋಗಾಲಯಗಳನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಇಲ್ಲಿ ಭೂತಗನ್ನಡಿ, ಅಯಸ್ಕಾಂತ, ಹಾವಿನ ಪೊರೆ ಎಲ್ಲವೂ ಮೇಜಿನ ಮೇಲೆಯೇ ಇರುತ್ತಿದ್ದವು. ಯಾರು ಬೇಕಾದರೂ ಕೈಗೆತ್ತಿಕೊಂಡು ನೋಡಬಹುದಿತ್ತು.

ಆ ಭಾನುವಾರ ಮೇಜಿನ ಮೇಲಿದ್ದದ್ದು ಗೂಬೆಯ ಉಂಡೆಗಳು. ಗೋದಾಮಿನ ಅಟ್ಟದಲ್ಲಿ ಒಂದು ಜೋಡಿ ಕಣಜ ಗೂಬೆ ಸಂಸಾರ ಹೂಡಿದ್ದವು. ಗೂಬೆ ಇಲಿಯನ್ನು ಇಡಿಯಾಗಿ ನುಂಗುತ್ತದೆ. ಮಾಂಸ ಕರಗಿದ ಮೇಲೆ ಉಳಿದ ಕೂದಲು, ಮೂಳೆಗಳನ್ನು ಉಂಡೆ ಮಾಡಿ ಉಗುಳುತ್ತದೆ. ಆ ಉಂಡೆ ಒಡೆದು ಒಳಗಿನ ಮೂಳೆ ಎಣಿಸಿದರೆ ಎಷ್ಟು ಇಲಿ ಹೊಟ್ಟೆ ಸೇರಿದವೆಂದು ಲೆಕ್ಕ ಸಿಗುತ್ತದೆ. ಗೂಬೆ ಅಪಶಕುನ, ಓಡಿಸಿ ಎಂದು ಕೂಗಾಡುತ್ತಿದ್ದ ಮಂಡಿಯವರಿಗೆ, ಕೊಬ್ಬರಿ ಕಾಯುವ ಕಾವಲುಗಾರ ಅದೇ ಎಂದು ತೋರಿಸಬೇಕೆಂಬುದು ದ್ರಾಕ್ಷಾಯಣಿಯ ಹಟ.

"ಯಾರು ಒಡೀತೀರಿ?"

ಮಕ್ಕಳೆಲ್ಲ ಮೂಗು ಮುಚ್ಚಿಕೊಂಡರು. ಉಂಡೆಗಳು ಬಿಸಿಲಿನಲ್ಲಿ ಒಣಗಿ ಗರಿಗರಿಯಾಗಿದ್ದವು, ವಾಸನೆಯ ಸುಳಿವಿರಲಿಲ್ಲ. ಆದರೂ ಚನ್ನಬಸವಯ್ಯನವರ ಮೊಮ್ಮಗಳು ಸಿಂಧು, "ಥೂ, ವಾಂತಿ ಕಣೇ ಅದು" ಎಂದು ಗೆಳತಿ ಸ್ವಾತಿಯ ಬೆನ್ನ ಹಿಂದೆ ಅಡಗಿದಳು.

"ರಾಣಿ, ನೀನು ಬಾ ಕಣೇ. ನಿನ್ನಷ್ಟು ಧೈರ್ಯ ಇವರಿಗೆಲ್ಲಿಂದ ಬರಬೇಕು!" ಎಂದಳು ದ್ರಾಕ್ಷಾಯಣಿ.

ಊರಾಚೆಯ ಕಾಲೊನಿಯಿಂದ ಬರುತ್ತಿದ್ದ ಏಳನೇ ಕ್ಲಾಸಿನ ರಾಣಿ ಅಂಗಿಯ ತೋಳು ಮಡಚಿಕೊಂಡು ಮುಂದೆ ಬಂದಳು. ಅವಳು ಯಾವಾಗಲೂ ಹಾಗೆಯೇ. ಚರಂಡಿ ನೀರಿನಿಂದ ಸೊಳ್ಳೆಯ ಮರಿ ಹಿಡಿಯಬೇಕಾದರೆ ರಾಣಿ. ಸಗಣಿ ಹುಳುವಿನ ಡಬ್ಬಿಗೆ ಸಗಣಿ ತರಬೇಕಾದರೆ ರಾಣಿ. ಸತ್ತುಬಿದ್ದ ಹಕ್ಕಿಯ ರೆಕ್ಕೆ ಬಿಡಿಸಿ ತೋರಿಸಬೇಕಾದರೂ ರಾಣಿಯೇ. ಸಿಂಧುವಿನ ಅಕ್ಷರ ಮುತ್ತು ಪೋಣಿಸಿದಂತೆ ಇರುತ್ತಿದ್ದುದರಿಂದ ನೋಟ್‌ಬುಕ್ಕು ಅವಳ ಹತ್ತಿರ. ಒಬ್ಬರು ಮಾಡುವುದು, ಇನ್ನೊಬ್ಬರು ಬರೆಯುವುದು. ನಾಲ್ಕು ಜನ ಸೇರಿ ಮಾಡುವ ಕೆಲಸವೆಂದರೆ ಹೀಗೇ ತಾನೇ ಎಂದುಕೊಂಡಿದ್ದಳು ದ್ರಾಕ್ಷಾಯಣಿ.

ಎಂಟು ಭಾನುವಾರಗಳಲ್ಲಿ ಐವತ್ತು ಉಂಡೆ ಒಡೆದಾಯಿತು. ನೂರಾ ಹನ್ನೆರಡು ಇಲಿಗಳ ಲೆಕ್ಕ ಸಿಕ್ಕಿತು. ಮಂಡಿಯವರು ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟುಕೊಂಡು ಹೋದರು. ಅಷ್ಟರಲ್ಲಿ ಹಾಸನದಿಂದ ಜಿಲ್ಲಾ ಮಟ್ಟದ ಮಕ್ಕಳ ವಿಜ್ಞಾನ ಸ್ಪರ್ಧೆಯ ಅರ್ಜಿ ಬಂತು. ಒಂದು ಕೇಂದ್ರದಿಂದ ಇಬ್ಬರು ಮಕ್ಕಳು. ಮೊದಲ ಹೆಸರಿನವರು ವೇದಿಕೆಯ ಮೇಲೆ ನಿಂತು ವಿವರಿಸಬೇಕು. ದ್ರಾಕ್ಷಾಯಣಿ ಮೊದಲು ರಾಣಿ, ಆಮೇಲೆ ಸಿಂಧು ಎಂದು ಬರೆದು, ಕೇಂದ್ರದ ಅಧ್ಯಕ್ಷರಾದ ಚನ್ನಬಸವಯ್ಯನವರ ಸಹಿಗೆ ಒಯ್ದಳು.

ಅವರು ಅಂಗಡಿಯ ಗಾದಿಯ ಮೇಲೆ ಕೂತು ಕನ್ನಡಕ ಸರಿಮಾಡಿಕೊಂಡು ಓದಿದರು. ಸಹಿ ಹಾಕಲಿಲ್ಲ.

"ನೋಡಮ್ಮ, ಸಿಂಧು, ಸ್ವಾತಿ ಅಂತ ಮಾಡು. ಆ ಹುಡುಗಿಗೆ ನಾನೇ ಒಂದು ಒಳ್ಳೇ ಬ್ಯಾಗ್ ಕೊಡಿಸ್ತೀನಿ."

"ಯಾಕೆ ಯಜಮಾನ್ರೇ? ಐವತ್ತು ಉಂಡೇನೂ ಒಡೆದವಳು ಅವಳು."

"ಇಲ್ಲ ಅಂದೋರ್ಯಾರು? ಕ್ಲೀನ್ ಮಾಡಿಕೊಟ್ಟೋರನ್ನೆಲ್ಲ ಸ್ಟೇಜ್ ಹತ್ತಿಸ್ತಾರಾ? ನಿಮ್ಮಪ್ಪ ನನ್ನ ಸ್ನೇಹಿತ, ಅದಕ್ಕೆ ಬಿಡಿಸಿ ಹೇಳ್ತೀನಿ ಕೇಳು. ನಾನು ಹೇಳ್ದೆ ಅಂತ ನಮ್ಮೋರು ತಮ್ಮ ಹೆಣ್ಮಕ್ಕಳನ್ನ ಅಲ್ಲಿಗೆ ಕಳಿಸ್ತಾವ್ರೆ. ಆ ಕಾಲೊನಿ ಹುಡುಗಿ ಹೆಸರು ಮೇಲೆ, ನಮ್ಮ ಮಕ್ಕಳ ಹೆಸರು ಕೆಳಗೆ ಅಂದ್ರೆ ನಾಳೆ ಅರ್ಧ ಜನ ಬಿಡಿಸ್ಕೊಳ್ತಾರೆ. ನಿನ್ನ ಕೇಂದ್ರ ಉಳೀಬೇಕೋ ಬ್ಯಾಡ್ವೋ?"

ದ್ರಾಕ್ಷಾಯಣಿಗೆ ರಕ್ತ ನೆತ್ತಿಗೇರಿತು. "ಜಾತಿ ನೋಡಿ ಹೆಸರು ಹೊಡೆದುಹಾಕೋದಾದ್ರೆ ಬಾಗಿಲಿಗೆ ವಿಜ್ಞಾನ ಕೇಂದ್ರ ಅನ್ನೋ ಬೋರ್ಡ್ ಯಾಕ್ರೀ? ಕಿತ್ತು ಒಲೆಗೆ ಹಾಕಿ! ಗೂಬೆ ಬಗ್ಗೆ ಇರೋ ಮೂಢನಂಬಿಕೆ ಬಿಡಿಸೋಕೆ ಹೊರಟಿದ್ದೀವಿ, ಮನುಷ್ಯರ ಬಗ್ಗೆ ಇರೋದನ್ನ ಸಾಕಿಕೊಂಡು!"

ಆಕೆಯ ದನಿಗೆ ಹಮಾಲಿಗಳು ಚೀಲ ಇಳಿಸುವುದನ್ನು ನಿಲ್ಲಿಸಿ ನೋಡಿದರು. ಚನ್ನಬಸವಯ್ಯ ಮಾತ್ರ ಬಿಸಿಯಾಗಲಿಲ್ಲ. ಅವಳು ತಂದಿದ್ದ ನೋಟ್‌ಬುಕ್ಕಿನ ಹಾಳೆಗಳನ್ನು ಒಂದೊಂದಾಗಿ ತಿರುವಿದರು.

"ಜಾತಿ ಮಾತು ಆ ಕಡೆ ಇಡು. ಅರ್ಜೀಲಿ ಬರೆದೈತೆ ನೋಡು, ದಾಖಲೆ ಪುಸ್ತಕ ಮಕ್ಕಳ ಸ್ವಂತ ಕೈಬರಹದಲ್ಲಿರಬೇಕು ಅಂತ. ಈ ಇಡೀ ಪುಸ್ತಕದಾಗೆ ಆ ಹುಡುಗೀದು ಒಂದೇ ಒಂದು ಅಕ್ಷರ ತೋರಿಸು, ಸಹಿ ಹಾಕ್ತೀನಿ."

ಒಂದೂ ಇರಲಿಲ್ಲ. ದ್ರಾಕ್ಷಾಯಣಿ ಅರ್ಜಿ, ನೋಟ್‌ಬುಕ್ಕು ಎರಡನ್ನೂ ಕಿತ್ತುಕೊಂಡು ಹೊರಬಂದಳು. ಮುದುಕನ ಕುತರ್ಕಕ್ಕೆ ದಾರಿಯುದ್ದಕ್ಕೂ ಹಲ್ಲು ಕಡಿದಳು. ಇವರ ಸಹಿ ಕಡೆಗೆ ನೋಡಿಕೊಂಡರಾಯಿತು, ಮೊದಲು ರಾಣಿಯ ತಾಯಿಯ ಸಹಿ ಹಾಕಿಸಿಬಿಡುತ್ತೇನೆ ಎಂದು ಆಟೋ ಹಿಡಿದು ನೇರ ಕಾಲೊನಿಗೇ ಹೋದಳು.

ರಾಣಿಯ ತಾಯಿ ಮರಿಯಮ್ಮ ಕಲ್ಯಾಣ ಮಂಟಪದ ಕೆಲಸ ಮುಗಿಸಿ ಆಗತಾನೆ ಬಂದು ಜಗಲಿಯ ಮೇಲೆ ಕಾಲು ನೀಡಿ ಕೂತಿದ್ದಳು. ದ್ರಾಕ್ಷಾಯಣಿ ನಡೆದದ್ದನ್ನೆಲ್ಲ ಹೇಳಿದಳು. ತಾನು ಅಂಗಡಿಯಲ್ಲಿ ಹೇಗೆ ಜಾಡಿಸಿದೆ ಎಂಬುದನ್ನು ತುಸು ಹೆಚ್ಚಾಗಿಯೇ ಹೇಳಿದಳು. ಇವಳ ಕಣ್ಣು ತುಂಬೀತು, ಕೈ ಮುಗಿದಾಳು ಎಂದು ಮನಸ್ಸಿನ ಮೂಲೆಯಲ್ಲಿ ಒಂದು ನಿರೀಕ್ಷೆಯಿತ್ತು.

"ನಾನು ಸೈನ್ ಹಾಕಾಕಿಲ್ಲ ಮೇಡಮ್ಮೋರೆ."

"ಯಾಕೆ ಮರಿಯಮ್ಮ? ಅವರಿಗೆ ಹೆದರ್ಕೊಂಡ್ಯಾ? ನಾನಿದ್ದೀನಿ."

"ಅವರಿಗ್ಯಾಕೆ ಹೆದರ್ಲಿ? ಅವರು ಎಂತೋರು ಅಂತ ಗೊತ್ತೈತೆ. ನಂಗೆ ಹೆದರಿಕೆ ಇರಾದು ನಿಮ್ಮನ್ನ ಕಂಡ್ರೆ."

ದ್ರಾಕ್ಷಾಯಣಿ ತಬ್ಬಿಬ್ಬಾದಳು. ಮರಿಯಮ್ಮ ಕಾಲು ಮಡಚಿ ನೆಟ್ಟಗೆ ಕೂತಳು. ಅವಳ ದನಿ ಏರಲಿಲ್ಲ, ಆದರೆ ಕೋಪ ಮುಖದಲ್ಲಿ ಎದ್ದು ಕಾಣುತ್ತಿತ್ತು.

"ಇಪ್ಪತ್ತು ವರ್ಸದಿಂದ ಮದುವೆ ಮನೇಲಿ ಎಂಜಲೆಲೆ ಎತ್ತೀನಿ. ಯಾರೂ ಬೈದು ಎತ್ಸಲ್ಲ ಕಣ್ರೀ. 'ಮರಿಯಮ್ಮನ ಕೈ ಅಂದ್ರೆ ಕೈ, ಇಂಗೆ ಇನ್ಯಾರಿಗೂ ಬರಾಕಿಲ್ಲ' ಅಂತ ಹೊಗಳಿ ಹೊಗಳೀನೇ ಎತ್ಸೋದು. ನನ್ ಮಗಳೂ ವಾರವಾರ ಬಂದು ಹೇಳ್ತಾಳೆ, ಅವ್ವ, ಮಿಸ್ಸು ನನ್ನ ಧೈರ್ಯವಂತೆ ಅಂದ್ರು ಅಂತ. ನೀನೇನ್ ಮಾಡ್ದೆ ಅಂದ್ರೆ, ಸಗಣಿ ತಂದೆ, ಚರಂಡಿಗೆ ಕೈ ಹಾಕ್ದೆ. ಮಿಕ್ಕ ಮಕ್ಕಳು ಏನ್ ಮಾಡಿದ್ರು ಅಂದ್ರೆ, ಬರ್ಕಂಡ್ರು. ಎರಡು ವರ್ಸದಾಗೆ ಒಂದು ದಿನ, ಒಂದೇ ಒಂದು ದಿನ, ಆ ಸಾವ್ಕಾರ್ರ ಮೊಮ್ಮಗಳ ಕೈಲಿ ಸಗಣಿ ಎತ್ಸಿದ್ದೀರಾ ಹೇಳಿ?"

ದ್ರಾಕ್ಷಾಯಣಿ ಕೈಯಲ್ಲಿದ್ದ ಅರ್ಜಿಯ ಕಡೆ ನೋಡಿದಳು. ಅಷ್ಟರಲ್ಲಿ ಒಳಗಿನಿಂದ ರಾಣಿ ಬಂದು, ಬೆಂಕಿಪೊಟ್ಟಣ ಬಿಚ್ಚಿ ಎರಡು ಸಣ್ಣ ತಲೆಬುರುಡೆಗಳನ್ನು ಅಂಗೈಯಲ್ಲಿಟ್ಟು ತೋರಿಸಿದಳು.

"ಮಿಸ್, ನೂರಾ ಹನ್ನೆರಡು ಇಲಿ ಅಂತ ಬರೆದಿರೋದು ತಪ್ಪು. ಅದರಲ್ಲಿ ಒಂಬತ್ತು ಇಲಿ ಅಲ್ಲ, ಉದ್ದ ಮೂತಿಯ ಸುಂಡಿಲಿ. ನೋಡಿ, ಇಲಿಗೆ ಮುಂದಿನ ಹಲ್ಲಾದ ಮೇಲೆ ಖಾಲಿ ಜಾಗ ಇರುತ್ತೆ. ಇದಕ್ಕಿಲ್ಲ, ಸಾಲಾಗಿ ಚೂಪು ಹಲ್ಲು. ಇದು ಕೊಬ್ಬರಿ ಮುಟ್ಟಲ್ಲ ಮಿಸ್, ಹುಳ ತಿನ್ನೋದು."

ದ್ರಾಕ್ಷಾಯಣಿ ಬುರುಡೆಗಳನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಹುಡುಗಿ ಹೇಳಿದ್ದು ಸರಿಯಾಗಿತ್ತು. ಬಿ.ಎಸ್ಸಿ. ಓದಿದ ತನ್ನ ಕಣ್ಣಿಗೇ ಅದು ಬಿದ್ದಿರಲಿಲ್ಲ.

"ಅವತ್ತೇ ಯಾಕೆ ಹೇಳಲಿಲ್ಲ ನೀನು?"

"ಹೇಳ್ದೆ ಮಿಸ್. ಸಿಂಧು ಬರ್ಕೊಳ್ಲಿಲ್ಲ. ನಾನೇ ಬರೀತೀನಿ ಅಂತ ಪೆನ್ನಿಗೆ ಕೈ ಹಾಕ್ದೆ. ಈ ಕೈಲಿ ನೋಟ್‌ಬುಕ್ ಮುಟ್ಟಬೇಡ ಅಂದ್ರು."

"ಯಾರು, ಸಿಂಧುನಾ?"

"ಅಲ್ಲ ಮಿಸ್. ನೀವು."

ಅವಳು ದೂರುವ ದನಿಯಲ್ಲಿ ಹೇಳಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಳು ಅಷ್ಟೆ. ದ್ರಾಕ್ಷಾಯಣಿ ಅರ್ಜಿಯನ್ನು ಮಡಚಿ ಚೀಲದಲ್ಲಿಟ್ಟುಕೊಂಡಳು. "ಭಾನುವಾರ ಒಂದ್ಸಲ ಬಂದು ನೋಡಿ ಮರಿಯಮ್ಮ. ಆಮೇಲೆ ಬೇಕಾದರೆ ಹಾಕಿ, ಬೇಡದಿದ್ರೆ ಬಿಡಿ" ಎಂದಷ್ಟೇ ಹೇಳಿ ಹೊರಟಳು. ಮರಿಯಮ್ಮ ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ.

ಆಟೋ ಸಿಗದೆ ನಡೆದೇ ಬಂದಳು. ಕೋಪ ಇಳಿದಿರಲಿಲ್ಲ, ಅದು ಮನೆ ಬದಲಾಯಿಸಿತ್ತು ಅಷ್ಟೆ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತುಬಿದ್ದಿದ್ದರೂ ಪಕ್ಕದ ತಟ್ಟೆಯ ನೊಣದ ಕಡೆ ಬೆರಳು ತೋರಿಸಿದಳಂತೆ, ಅಂಥ ಹೆಂಗಸು ನಾನು ಎಂದು ತನ್ನನ್ನೇ ಬೈದುಕೊಂಡಳು. ಆ ದಿನ ಕೈ ತೊಳೆದುಕೊಂಡು ಬಂದು ನೀನೇ ಬರಿ ಎಂದು ರಾಣಿಗೆ ಹೇಳಿದ್ದೆನೇ? ಎಷ್ಟು ನೆನಪಿಸಿಕೊಂಡರೂ ಹೇಳಿದ ನೆನಪಾಗಲಿಲ್ಲ. ಬಣ್ಣದ ಚಾರ್ಟು, ದಪ್ಪ ರಟ್ಟಿನ ನೋಟ್‌ಬುಕ್ಕು ಹುಡುಕಿ ತಂದವಳಿಗೆ ಒಂದು ಡಬ್ಬಿ ಗ್ಲೌಸ್ ತರಬೇಕೆಂದು ಎರಡು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಯಾಕೆ ಹೊಳೆಯಬೇಕು? ರಾಣಿಯ ಕೈ ಇತ್ತಲ್ಲ. ಚನ್ನಬಸವಯ್ಯ ಮಾಡಲು ಹೊರಟದ್ದು ಒಂದು ದಿನದ ಅನ್ಯಾಯ. ಅದಕ್ಕೆ ಬೇಕಾದ ಸಾಕ್ಷಿಯನ್ನು ಭಾನುವಾರ ಭಾನುವಾರ ತಯಾರು ಮಾಡಿಕೊಟ್ಟವಳು ತಾನು.

ಮುಂದಿನ ಭಾನುವಾರ ಮೇಜಿನ ಮೇಲೆ ಗ್ಲೌಸಿನ ಡಬ್ಬಿ, ಮಗುವಿಗೊಂದರಂತೆ ಹೊಸ ನೋಟ್‌ಬುಕ್ಕು, ಡಬ್ಬಿಯಲ್ಲಿ ತೆಗೆದಿಟ್ಟಿದ್ದ ಹಳೇ ಮೂಳೆಗಳ ರಾಶಿ, ಜೊತೆಗೆ ಹತ್ತು ಹೊಸ ಉಂಡೆ. ಮೂರು ಮಕ್ಕಳು ಬಂದಿರಲಿಲ್ಲ. ಅಂಗಡಿಯ ಮಾತು ಊರು ಸುತ್ತಿತ್ತು.

"ನಮ್ಮ ಲೆಕ್ಕ ತಪ್ಪಾಗಿದೆ. ರಾಣಿ ಕಂಡುಹಿಡಿದಳು. ಎಲ್ಲ ಮತ್ತೆ ಎಣಿಸಬೇಕು" ಎಂದಳು ದ್ರಾಕ್ಷಾಯಣಿ. ಮೊದಲ ಉಂಡೆಯನ್ನು ತಾನೇ ಒಡೆದಳು. ಎರಡನೆಯದನ್ನು ಸಿಂಧುವಿನ ಮುಂದಿಟ್ಟಳು.

"ಮಿಸ್, ತಾತ ಬೈತಾರೆ."

"ಬಂದು ನನಗೆ ಬೈಯಲಿ. ನೀನು ಒಡಿ."

ಸಿಂಧು ಅಳುಮುಖ ಮಾಡಿಕೊಂಡೇ ಕೈ ಹಾಕಿದಳು. ರಾಣಿ ಎಂದಿನಂತೆ ಚಿಮಟ ಎತ್ತಿಕೊಂಡಿದ್ದೇ ತಡ, ದ್ರಾಕ್ಷಾಯಣಿ ಅದನ್ನು ಕಸಿದು ಬದಿಗಿಟ್ಟಳು. "ನೀನಿನ್ನು ಇದನ್ನ ಮುಟ್ಟಬೇಡ. ಕೂತು ಬರೆಯೋದಷ್ಟೇ ನಿನ್ನ ಕೆಲಸ."

ರಾಣಿಯ ಮುಖ ಸಪ್ಪಗಾಯಿತು. "ಮಿಸ್, ನಂಗೆ ಉಂಡೆ ಒಡೆಯೋದು ಇಷ್ಟ. ಬಿಟ್ಬಿಡ್ಬೇಕಾ?"

ದ್ರಾಕ್ಷಾಯಣಿಗೆ ಮತ್ತೊಮ್ಮೆ ಕಪಾಳಕ್ಕೆ ಬಿದ್ದಂತಾಯಿತು. ಚಿಮಟವನ್ನು ವಾಪಸು ಕೊಟ್ಟಳು. "ಬಿಡಬೇಡ ಕಣೇ. ಒಂದು ನೀನು ಒಡಿ, ಒಂದು ಅವಳು ಒಡೀಲಿ. ಇಬ್ಬರೂ ಬರೀರಿ."

ಹನ್ನೊಂದರ ಹೊತ್ತಿಗೆ ಚನ್ನಬಸವಯ್ಯ ಬಂದರು. ಮೊಮ್ಮಗಳ ಗ್ಲೌಸಿನ ಬೆರಳುಗಳ ತುಂಬ ಇಲಿಯ ಕೂದಲು ಕಂಡು ಹೊಸ್ತಿಲಲ್ಲೇ ಗುಡುಗಿದರು. "ಏನಿದು ಗಲೀಜು? ಸಿಂಧು, ಎದ್ದೇಳು!"

"ತಡೀರಿ ತಾತ" ಎಂದಳು ಸಿಂಧು, ತಲೆ ಎತ್ತದೆ. "ಈ ದವಡೆ ಎಡಗಡೇದೋ ಬಲಗಡೇದೋ ಗೊತ್ತಾಗ್ತಿಲ್ಲ. ರಾಣಿ, ನೋಡೇ."

ಮುದುಕರು ದ್ರಾಕ್ಷಾಯಣಿಯತ್ತ ತಿರುಗಿದರು. ಅವಳು ಅರ್ಜಿ, ಗೋದಾಮಿನ ಬೀಗದ ಕೈ ಎರಡನ್ನೂ ಅವರ ಮುಂದಿಟ್ಟಳು.

"ನೀವು ಕೇಳಿದ್ದು ಸರಿ ಯಜಮಾನ್ರೇ. ಪುಸ್ತಕದಲ್ಲಿ ಅವಳ ಅಕ್ಷರ ಇರಲಿಲ್ಲ. ಬರೆಯೋಕೆ ಬಿಡದೋಳು ನಾನು. ಇವತ್ತು ಬರೀತಿದ್ದಾಳೆ, ನಾಲ್ಕು ಪುಟ ಆಗಿದೆ, ಓದಿ. ಓದಿದ ಮೇಲೂ ಸಹಿ ಹಾಕಲ್ಲ ಅಂದ್ರೆ ಗೋದಾಮು ನಿಮ್ಮದು, ಬೀಗ ಹಾಕ್ಕೊಳ್ಳಿ. ಮಕ್ಕಳನ್ನ ಬೀದೀಲಿ ಕೂರಿಸಿ ಹೇಳಿಕೊಡ್ತೀನಿ. ಹೆಸರು ಮಾತ್ರ ಬದಲಾಗಲ್ಲ."

ಚನ್ನಬಸವಯ್ಯ ಬೀಗದ ಕೈಯನ್ನು ನೋಡಿದರು, ಬಗ್ಗಿ ಕೂತ ಮೊಮ್ಮಗಳನ್ನು ನೋಡಿದರು. ರಾಣಿಯ ಪುಸ್ತಕ ಎತ್ತಿ ನಿಂತಲ್ಲೇ ಒಂದು ಪುಟ ಓದಿದರು, ಇನ್ನೊಂದು ಓದಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಯಾರ ಮುಖವನ್ನೂ ನೋಡದೆ, ಗೀಚಿದಂತೆ ಸಹಿ ಹಾಕಿದರು. "ಜನ ಬಿಡಿಸ್ಕೊಂಡ್ರೆ ನನ್ನ ಹತ್ರ ಬಂದು ಅಳಬೇಡ" ಎಂದು ಹೊರಟರು.

ಬಾಗಿಲ ಪಕ್ಕದಲ್ಲಿ ಮರಿಯಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಯಾರೂ ಗಮನಿಸಿರಲಿಲ್ಲ. ಒಳಗೆ ಬಂದವಳು ಮೇಜಿನ ಸುತ್ತ ಒಂದು ಸಲ ನಡೆದು, ಒಬ್ಬೊಬ್ಬ ಮಗುವಿನ ಕೈಯನ್ನೂ ನೋಡಿದಳು. ಆಮೇಲೆ ಮಗಳಿಗೆ ಅರ್ಜಿ ಓದಲು ಹೇಳಿದಳು. ರಾಣಿ ಗಟ್ಟಿಯಾಗಿ ಓದಿದಳು. ಮೊದಲನೆಯ ವಿದ್ಯಾರ್ಥಿ ರಾಣಿ, ತಾಯಿ ಮರಿಯಮ್ಮ. ಎರಡನೆಯ ವಿದ್ಯಾರ್ಥಿ ಸಿಂಧು. ಮರಿಯಮ್ಮ ಇನ್ನೊಂದು ಸಲ ಓದಿಸಿದಳು. ಆಮೇಲೆ ಒಂದೊಂದೇ ಅಕ್ಷರವನ್ನು ಒತ್ತಿ ಒತ್ತಿ ಬರೆದು ಸಹಿ ಹಾಕಿದಳು.

"ಯಾವತ್ತು ಹಾಸನಕ್ಕೆ?"

"ಬರೋ ಶುಕ್ರವಾರ."

"ನಾನೂ ಬತ್ತೀನಿ. ನಿಮ್ಮನ್ನ ನಂಬಿ ಕಳಿಸೋ ಅಷ್ಟು ದೊಡ್ಡ ಮನಸ್ಸು ನಂಗಿನ್ನೂ ಬಂದಿಲ್ಲ ಮೇಡಮ್ಮೋರೆ."

"ಬನ್ನಿ" ಎಂದಳು ದ್ರಾಕ್ಷಾಯಣಿ. "ಆದರೆ ಶುಕ್ರವಾರ ಮಂಟಪದಲ್ಲಿ ದೊಡ್ಡ ಮದುವೆ ಇದೆ ಅಂತ ರಾಣಿ ಹೇಳ್ತಿದ್ದಳು. ನಿಮ್ಮ ಕೆಲಸ?"

ಮರಿಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಉಂಡೋರೇ ಎತ್ತಲಿ ಬಿಡಿ."