ಬಾಲಕಿಯರಿಗೆ ಮಾತ್ರ

"ಕಕ್ಕಸು ತೊಳಿಯೋಳು ಕಮಿಟಿ ಮೇಜಿಗೆ ಕೂರ್ತಾಳಂತೆ ಸಾರ್! ಇನ್ಮೇಲೆ ನಾವು ಮೂಗಿಗೆ ಹತ್ತಿ ಇಟ್ಕೊಂಡೇ ಮೀಟಿಂಗಿಗೆ ಬರ್ಬೇಕು."

ಗುಮಾಸ್ತ ಇದನ್ನು ಹೇಳಿದ್ದು ಹೆಡ್‌ಮಾಸ್ಟರಿಗೆ. ಅಮ್ಮ ಮೇಜಿನ ಈಚೆಗೆ, ಎರಡಡಿ ದೂರದಲ್ಲಿ, ಅರ್ಜಿ ಚಾಚಿಕೊಂಡು ನಿಂತಿದ್ದಳು. ಅವನು ಅದನ್ನು ಕೈಯಲ್ಲಿ ತೆಗೆದುಕೊಳ್ಳಲಿಲ್ಲ. "ಅಲ್ಲಿಡು" ಎಂದು, ಅವಳು ಇಟ್ಟ ಮೇಲೆ ಸ್ಕೇಲಿನ ತುದಿಯಿಂದ ತನ್ನತ್ತ ಎಳೆದುಕೊಂಡ.

ಅರ್ಜಿ ಬರೆದದ್ದು ನಾನು. ಅಮ್ಮನ ಬೆನ್ನ ಹಿಂದೆ ಡೈರಿಯನ್ನು ಎದೆಗೊತ್ತಿಕೊಂಡು ನಿಂತಿದ್ದೆ. ನಾನು ಇದೇ ಶಾಲೆಯಲ್ಲಿ ಓದಿದವಳು, ಆಮೇಲೆ ಡಿಗ್ರಿಯನ್ನೂ ಮುಗಿಸಿದವಳು. ಆದರೂ ಆ ಕೋಣೆಗೆ ಕಾಲಿಟ್ಟರೆ ಮತ್ತೆ ಐದನೇ ತರಗತಿಯವಳೇ ಆಗಿಬಿಡುತ್ತೇನೆ.

ಶಾಲಾ ಸಮಿತಿಯಲ್ಲಿ ಪೋಷಕರಿಗೆಂದು ಇರುವುದು ಒಂದೇ ಸ್ಥಾನ. ಪ್ರತಿ ಸಲ ಅದು ಗುಜರಿ ಗೋದಾಮಿನ ಮೇಸ್ತ್ರಿಗೆ ಹೋಗುತ್ತಿತ್ತು. ಎದುರು ಯಾರೂ ನಿಲ್ಲುತ್ತಿರಲಿಲ್ಲ. ಗೋದಾಮು ಸಮಿತಿಯ ಅಧ್ಯಕ್ಷರದು. ನಮ್ಮ ಓಣಿಯ ಮುಕ್ಕಾಲು ಪಾಲು ಜನ ಅಲ್ಲಿ ಗುಜರಿ ಆರಿಸಿ ಬದುಕುವವರು. ಅಧ್ಯಕ್ಷರ ಮೊಮ್ಮಕ್ಕಳು ಈ ಶಾಲೆಯ ಗೇಟನ್ನೂ ಕಂಡವರಲ್ಲ. ನನ್ನ ತಂಗಿ ಇಲ್ಲಿ ಆರನೇ ತರಗತಿ.

ಹೆಡ್‌ಮಾಸ್ಟರು ಕನ್ನಡಕ ಸರಿಮಾಡಿಕೊಂಡರು. "ನಿಯಮ ಗೊತ್ತೇನಮ್ಮ ನಿಂಗೆ? ಶಾಲೆ ಕೆಲಸದೋರು ನಿಲ್ಲೋ ಹಾಗಿಲ್ಲ."

"ನಾನು ಶಾಲೆ ಕೆಲಸದವಳಾ ಸಾರ್?"

"ಮತ್ತೆ ದಿನಾ ಬೆಳಿಗ್ಗೆ ನಿಮ್ಮಪ್ಪನ ಮನೇದು ತೊಳೀತೀಯಾ?" ಎಂದ ಗುಮಾಸ್ತ.

ಅಮ್ಮ ಹಿಂತಿರುಗಿ ನನ್ನತ್ತ ನೋಡಿದಳು. ಡೈರಿಯ ಹಾಳೆಗಳ ನಡುವಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟೆ. ಹೋದ ವರ್ಷ ಆಸಿಡ್ ತಾಗಿ ಅಮ್ಮನ ಉಗುರು ಕೊಳೆತು ಕೀವು ತುಂಬಿದಾಗ ಗ್ಲೌಸ್ ಕೊಡಿ ಎಂದು ನಾನೇ ಅರ್ಜಿ ಬರೆದಿದ್ದೆ. ಅದಕ್ಕೆ ಬಂದ ಉತ್ತರ ಅದು. 'ಸದರಿಯವರು ಶಾಲೆಯ ನೌಕರರಲ್ಲದ ಕಾರಣ ಕೈಗವಸು ಒದಗಿಸಲು ಅವಕಾಶವಿರುವುದಿಲ್ಲ. ಕಂತ್ರಾಟುದಾರರನ್ನು ಕೇಳಿಕೊಳ್ಳುವುದು.' ಕೆಳಗೆ ಹೆಡ್‌ಮಾಸ್ಟರ ಸಹಿ, ದುಂಡನೆಯ ಮೊಹರು.

ಅವರು ಎರಡು ಸಲ ಓದಿದರು. ಕಿವಿಯ ತುದಿ ಕೆಂಪಾಯಿತು. "ತಗೊಳಯ್ಯ, ತಗೊ ಅರ್ಜಿನ," ಎಂದು ಗುಮಾಸ್ತನ ಮೇಲೆ ರೇಗಿದರು.

ದಾರಿಯಲ್ಲಿ ಅಮ್ಮ ತಡೆದು ತಡೆದು ನಕ್ಕಳು. "ಗ್ಲೌಸ್ ಕೊಡದೆ ಇದ್ದದ್ದೇ ಒಳ್ಳೇದಾಯ್ತು ನೋಡೇ!" ಎಂದಳು. ಆ ಉಗುರು ಮತ್ತೆ ಬೆಳೆಯಲೇ ಇಲ್ಲ.

ಅಮ್ಮ ನಿಂತದ್ದು ಒಂದು ಬೀಗಕ್ಕಾಗಿ.

ಶಾಲೆಯ ಹಿಂದೆ ಒಂದೇ ಒಂದು ಕಕ್ಕಸು. ಬಿಳಿ ಟೈಲ್ಸು, ನಲ್ಲಿ, ಒಳಗಡೆ ಗಟ್ಟಿ ಚಿಲಕ. ಗೋಡೆಯ ಮೇಲೆ ನೀಲಿ ಅಕ್ಷರದಲ್ಲಿ 'ಬಾಲಕಿಯರಿಗೆ ಮಾತ್ರ.' ಉದ್ಘಾಟನೆಯ ದಿನ ಇಬ್ಬರು ಹುಡುಗಿಯರನ್ನು ಬಾಗಿಲ ಮುಂದೆ ನಿಲ್ಲಿಸಿ ಫೋಟೋ ತೆಗೆದರು. ಅವತ್ತೇ ಬೀಗ ಬಿತ್ತು. ಬೀಗದ ಕೈ ಹೆಡ್‌ಮಾಸ್ಟರ ಮೇಜಿನೊಳಗೆ. ಮೇಷ್ಟರುಗಳಿಗೆ ಮತ್ತು ಸಮಿತಿಯವರಿಗೆ ಮಾತ್ರ. ಹುಡುಗಿಯರು ಹೋಗುತ್ತಿದ್ದದ್ದು ಅದರಾಚೆಯ ಮೋಟುಗೋಡೆಯ ಮರೆಗೆ. ಮರೆ ಅಂದರೆ ಒಂದು ಕಡೆ ಮಾತ್ರ. ಇನ್ನೊಂದು ಕಡೆ ತಂತಿಬೇಲಿ, ಅದರಾಚೆ ಗೋದಾಮಿನ ಅಂಗಳ, ಬೀಡಿ ಸೇದುತ್ತ ನಿಂತಿರುವ ಲಾರಿಯವರು. ಒಬ್ಬ ಶಿಳ್ಳೆ ಹೊಡೆಯುತ್ತಿದ್ದ. ಇನ್ನೊಬ್ಬ ಫೋನು ಎತ್ತಿ ಹಿಡಿಯುತ್ತಿದ್ದ.

ತಂಗಿ ನೀರು ಕುಡಿಯುವುದನ್ನೇ ಬಿಟ್ಟಳು. ಬೆಳಿಗ್ಗೆ ಅಮ್ಮ ತುಂಬಿಸಿದ ಬಾಟಲಿ ಸಂಜೆ ಹಾಗೇ ವಾಪಸು ಬರುತ್ತಿತ್ತು. ಅಮ್ಮ ಚೀಲದಿಂದ ಬಾಟಲಿ ತೆಗೆದು ಅಂಗೈಯಲ್ಲಿ ಭಾರ ನೋಡಿ ಕೆಳಗಿಡುತ್ತಿದ್ದಳು. ಮಗು ಎರಡು ಸಲ ಚಳಿಜ್ವರ ಬಂದು ಮಲಗಿತು. ಉಚ್ಚೆ ಹೊಯ್ಯುವಾಗ ಕಿರುಚುತ್ತಿತ್ತು. "ಮೂತ್ರಪಿಂಡಕ್ಕೆ ಸೋಂಕು ಏರ್ತಿದೆ. ಮೂರನೇ ಸಲ ಬಂದ್ರೆ ನನ್ನ ಹತ್ರ ತರಬೇಡಿ, ದೊಡ್ಡಾಸ್ಪತ್ರೆಗೇ ಹೋಗಿ," ಎಂದರು ಡಾಕ್ಟರು.

ನಾನು ಐದನೇ ತರಗತಿಯಲ್ಲಿದ್ದಾಗ ಆ ಕಕ್ಕಸೂ ಇರಲಿಲ್ಲ. ಒಂದು ದಿನ ತಡೆಯಲಾರದೆ ಬೆಂಚಿನ ಮೇಲೇ ಹೊಯ್ದುಕೊಂಡೆ. ಟೀಚರು ನನ್ನ ಲಂಗದಿಂದಲೇ ಬೆಂಚು ಒರೆಸಲು ಹೇಳಿದರು. "ಕಲಿ, ಮುಂದೆ ನಿಂಗೂ ಇದೇ ಕೆಲಸ ತಾನೇ," ಎಂದರು. ಕ್ಲಾಸು ನಕ್ಕಿತು. ಇದನ್ನು ನಾನು ಡೈರಿಯಲ್ಲೂ ಬರೆದಿಲ್ಲ.

ಓಣಿಯಲ್ಲಿ ಹಂಚುವುದಕ್ಕೆ ಕರಪತ್ರ ಬೇಕಿತ್ತು. ನಾನು ಕೂತು 'ಮೂಲಭೂತ ಸೌಕರ್ಯಗಳ ಸಮಾನ ಹಂಚಿಕೆಗಾಗಿ' ಎಂದು ಶುರುಮಾಡಿದ್ದೆ. ಓದಿ ಹೇಳಿದೆ. ಪಕ್ಕದ ಮನೆಯ ಚಿಕ್ಕಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು.

"ಏನೇ ಇದು, ಯಾರೋ ಸತ್ತಾಗ ಓದೋ ಹಂಗಿದೆ!"

"ಅದೆಲ್ಲ ಹೊಡೆದು ಹಾಕು," ಎಂದಳು ಅಮ್ಮ. "ಕಕ್ಕಸಿನ ಬೀಗ ತೆಗೆಸ್ತೀನಿ ಅಂತ ಬರಿ. ಅಷ್ಟೇ."

"ಅಷ್ಟೇನಾ?"

"ಇನ್ನೇನು, ಆಕಾಶಕ್ಕೆ ಏಣಿ ಹಾಕ್ತೀನಾ?"

ನಲವತ್ತು ಚೀಟಿ ಬರೆದೆ, ಒಂದೊಂದರಲ್ಲೂ ಒಂದೇ ಸಾಲು. ಚಿಕ್ಕಮ್ಮ ತನ್ನದನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. "ನನ್ನ ಓಟು ನಿಂದೇ ಕಣಕ್ಕ. ನನ್ನ ಮಗಳೂ ಅಲ್ಲೇ ಹೋಗ್ತಾಳಲ್ಲ, ಆ ಬೇವರ್ಸಿಗಳ ಕಣ್ಮುಂದೆ," ಎಂದಳು.

ಚುನಾವಣೆಗೆ ಎರಡು ದಿನ ಇದ್ದಾಗ ಬೆಳಿಗ್ಗೆ ಅಮ್ಮ ಮೊಣಕಾಲೂರಿ ಆ ಕಕ್ಕಸಿನ ಕಮೋಡು ಉಜ್ಜುತ್ತಿದ್ದಳು. ನಲ್ಲಿಯಲ್ಲಿ ಇನ್ನೂ ನೀರು ಬಂದಿರಲಿಲ್ಲ, ಸಹಾಯಕ್ಕೆ ಹೋಗಿದ್ದ ನಾನು ಎರಡನೇ ಬಕೆಟ್ಟು ಹೊತ್ತು ಬಾಗಿಲಿಗೆ ಬರುವಷ್ಟರಲ್ಲಿ ಹಿಂದಿನಿಂದ ಶೂ ಸದ್ದು. ಅಧ್ಯಕ್ಷರು. ನನ್ನನ್ನು ಮೊಣಕೈಯಲ್ಲಿ ಪಕ್ಕಕ್ಕೆ ಸರಿಸಿ ಒಳಗೆ ಹೋದರು. ಅಮ್ಮ ಏಳಲು ನೋಡಿದಳು.

"ಇರು ಇರು. ನಿನ್ನ ಕೆಲಸ ನೀನು ಮಾಡು, ನನ್ನ ಕೆಲಸ ನಾನು ಮಾಡ್ತೀನಿ."

ಅವರು ಜಿಪ್ಪು ಎಳೆದರು. ಅಮ್ಮ ಗೋಡೆಗೆ ಮುಖ ಮಾಡಿದಳು. ನಾನು ಬಕೆಟ್ಟಿನ ನೀರು ನೋಡುತ್ತಾ ನಿಂತೆ. ಸಕ್ಕರೆ ಕಾಯಿಲೆಯ ಉಚ್ಚೆ, ಬಹಳ ಹೊತ್ತು ಹೋಯಿತು. ಕಮೋಡಿಗಲ್ಲ, ಅವಳು ಆಗತಾನೆ ಉಜ್ಜಿದ ಟೈಲ್ಸಿನ ಮೇಲೆ. ಅದು ಹರಿದು ಬಂದು ಅವಳ ಮೊಣಕಾಲನ್ನು ಮುಟ್ಟಿತು. ಸೀರೆ ಅದನ್ನು ಹೀರಿಕೊಂಡಿತು.

"ಹೆಸರು ವಾಪಸು ತಗೋ. ಓಣಿ ಜನಕ್ಕೆ ಕೂಲಿ ಕೊಡೋನು ನಾನು. ನಾಳೆ ಅವರಿಗೆಲ್ಲ ಗೇಟು ಮುಚ್ಚಿದ್ರೆ ನಿನ್ನ ಮುಖಕ್ಕೆ ಉಗೀತಾರೆ. ನನ್ನ ಮುಖಕ್ಕಲ್ಲ." ಜಿಪ್ಪು ಮೇಲೆ ಹೋಯಿತು. "ಇಲ್ಲಿ ಸ್ವಲ್ಪ ಗಲೀಜಿದೆ ನೋಡು, ಒರೆಸು."

ಹೋಗುವಾಗ ನನ್ನ ಬಕೆಟ್ಟಿನಲ್ಲಿ ಬೆರಳು ಅದ್ದಿ ತೊಳೆದುಕೊಂಡರು.

ಅಮ್ಮ ಒರೆಸಿದಳು. "ನೀರು ಚೆಲ್ಲಿ ಇನ್ನೊಂದು ಬಕೆಟ್ಟು ತಾ," ಎಂದಳು ಅಷ್ಟೇ. ಅವತ್ತಿನಿಂದ ನನ್ನ ಡೈರಿಯಲ್ಲಿ 'ಅವರು' 'ಅವನು' ಆದ. ಬಾಯಲ್ಲಿ ಹೇಳುವ ಧೈರ್ಯ ಇರಲಿಲ್ಲ.

ಚುನಾವಣೆ ಎಂದರೆ ಕೈ ಎತ್ತುವುದು. ಹಾಲ್ ಗುಡಿಸಿ ಕುರ್ಚಿ ಹಾಕಿದವಳೂ ಅಮ್ಮನೇ. ಸಮಿತಿಯವರು ಬರುತ್ತಾರೆಂದು ಕಕ್ಕಸನ್ನು ಮಧ್ಯಾಹ್ನ ಇನ್ನೊಮ್ಮೆ ತೊಳೆಯಲು ಹೇಳಿದ್ದರಿಂದ ಬೀಗದ ಕೈ ಅವಳ ಸೊಂಟದಲ್ಲೇ ಇತ್ತು. ಸಮಿತಿಯವರಿಗೆ ಕುರ್ಚಿ, ಓಣಿಯವರಿಗೆ ನೆಲ. ಮೇಸ್ತ್ರಿ ಅಭ್ಯರ್ಥಿಯಾದರೂ ಪೆನ್ನು ಪುಸ್ತಕ ಹಿಡಿದು ಹಿಂದುಗಡೆ ನಿಂತಿದ್ದ, ಯಾವ ಕೈ ಯಾರದು ಎಂದು ಬರೆದುಕೊಳ್ಳಲು.

"ಈ ಯಮ್ಮನ ಕಡೆಗೆ ಯಾರು?" ಎಂದು ಹೆಡ್‌ಮಾಸ್ಟರು ಕೇಳಿದರು.

ಅಧ್ಯಕ್ಷ ಕುರ್ಚಿಯಲ್ಲಿ ಅರೆ ತಿರುಗಿ ಕೂತ. ಜ್ಯೂಸಿನ ಎರಡನೇ ಲೋಟ ಕೈಯಲ್ಲಿತ್ತು. ಅಮ್ಮ ತನ್ನ ಕೈ ತಾನು ಎತ್ತಿದಳು. ಬಾಗಿಲ ಬಳಿ ಒಬ್ಬ ಕುಂಟ ತಾತ ಎತ್ತಿದ, ಅವನು ಗೋದಾಮಿನವನಲ್ಲ. ನಾನು ಚಿಕ್ಕಮ್ಮನನ್ನೇ ನೋಡುತ್ತಿದ್ದೆ. ಅವಳ ಬಲಗೈ ಎಡಗೈಯ ಹಿಡಿತದಲ್ಲಿತ್ತು, ಕದಿಯಲು ಹೋದ ಮಗುವಿನ ಕೈ ಹಿಡಿದುಕೊಂಡ ಹಾಗೆ. ಅವಳು ನೆಲ ನೋಡುತ್ತಿದ್ದಳು.

"ಎರಡು!" ಅಧ್ಯಕ್ಷ ನಕ್ಕ. "ಒಂದು ಕೊಳೆತ ಕೈ, ಒಂದು ಮುದಿ ಕೈ. ಹೋಗು, ಹೋಗಿ ಲೋಟ ಎತ್ತು."

ಕುರ್ಚಿಗಳು ನಕ್ಕವು. ಅಮ್ಮ ಲೋಟ ಎತ್ತಲಿಲ್ಲ. ಹಿಂದಿನ ಬಾಗಿಲಿಂದ ಹೊರಗೆ ಹೋದಳು. ನಾನು ಅವಳ ಹಿಂದೆ ಓಡಿದೆ. ಅಷ್ಟರಲ್ಲಿ ವಿರಾಮದ ಗಂಟೆ ಹೊಡೆಯಿತು.

ಅವಳು ಬೀಗ ತೆಗೆದಳು. ಬಾಗಿಲನ್ನು ಗೋಡೆಗೆ ತಾಗುವವರೆಗೂ ದೂಡಿದಳು. ಪಕ್ಕದ ಮಲದ ಗುಂಡಿಯ ಮುಚ್ಚಳ ಒಡೆದು ಮುಷ್ಟಿಯಷ್ಟು ತೂತಾಗಿತ್ತು. ಅದರೊಳಗೆ ಮೊದಲು ಬೀಗ ಹಾಕಿದಳು. ಗುಳುಂ ಎಂದಿತು. ಆಮೇಲೆ ಬೀಗದ ಕೈ.

"ಬನ್ರೇ ಹುಡುಗೀರಾ! ಸಾಲಾಗಿ ಬನ್ನಿ!"

ಮೊದಲು ಯಾರೂ ಬರಲಿಲ್ಲ. ತಂಗಿ ಬಂದಳು. ಅವಳ ಹಿಂದೆ ಇಬ್ಬರು, ಆಮೇಲೆ ಗುಂಪು. ಚಿಕ್ಕಮ್ಮ ತನ್ನ ಮಗಳನ್ನು ರಟ್ಟೆ ಹಿಡಿದು ತಂದು ಸಾಲಿಗೆ ಸೇರಿಸಿ, ಅಮ್ಮನ ಮುಖ ನೋಡದೆ ಹೊರಟುಹೋದಳು.

ಹಾಲ್ ಒಳಗಿಂದ ಅಧ್ಯಕ್ಷ ಬಿರುಸಾಗಿ ಬಂದ. ನಡಿಗೆ ನೋಡಿದರೇ ಗೊತ್ತಾಗುತ್ತಿತ್ತು, ಕುಡಿದ ಜ್ಯೂಸೆಲ್ಲ ಕೆಳಗಿಳಿದಿತ್ತು. ಹಿಂದೆ ಹೆಡ್‌ಮಾಸ್ಟರು, ಗುಮಾಸ್ತ.

"ಏಯ್! ಇವನ್ನೆಲ್ಲ ಈಚೆ ತಳ್ಳು. ಬೀಗ ಎಲ್ಲೇ?"

"ಅದರೊಳಗಿದೆ." ಅಮ್ಮ ಗುಂಡಿ ತೋರಿಸಿದಳು. "ಕೈ ಹಾಕಿ ತಗೊಳ್ಳಿ ಧಣಿ. ಗ್ಲೌಸ್ ಬೇಕಾದ್ರೆ ಕಂತ್ರಾಟುದಾರನ್ನ ಕೇಳಿ."

ಗುಮಾಸ್ತ ಗುಂಡಿಯನ್ನೂ ತನ್ನ ಕೈಯನ್ನೂ ನೋಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

"ಮುಂಡೆ! ನಾಳೆಯಿಂದ ಕೆಲಸಕ್ಕೆ ಬರ್ಬೇಡ!"

"ನಾನು ನಿಮ್ಮ ಕೆಲಸದವಳೇ ಅಲ್ವಲ್ಲ. ಕಾಗದ ಕೊಟ್ಟಿದ್ದೀರಿ, ನನ್ನ ಮಗಳ ಹತ್ರ ಭದ್ರವಾಗಿದೆ." ಅಮ್ಮ ಬಾಗಿಲಿಗೆ ಅಡ್ಡವಾಗಿ ನಿಂತೇ ಇದ್ದಳು. "ತಡೆಯಕ್ಕಾಗಲ್ವಾ? ಗೋಡೆ ಮರೆ ಇದೆಯಲ್ಲ. ನಮ್ಮ ಮಕ್ಕಳು ದಿನಾ ಅಲ್ಲೇ ಹೋಗ್ತಾರೆ."

ಅವನು ಗೋಡೆಯತ್ತ ನೋಡಿದ. ತಂತಿಬೇಲಿಯಾಚೆ ಅವನದೇ ಗೋದಾಮಿನ ಲಾರಿಯವರು ಸಾಲಾಗಿ ನಿಂತು ಇತ್ತಲೇ ನೋಡುತ್ತಿದ್ದರು. ಒಬ್ಬನ ಕೈಯಲ್ಲಿ ಫೋನಿತ್ತು.

ಅವನು ಎರಡೂ ತೊಡೆ ಒತ್ತಿಕೊಂಡು ಸಾಲಿನ ಕೊನೆಯಲ್ಲಿ ನಿಂತ. ಹೆಡ್‌ಮಾಸ್ಟರು ಬೇರೆ ಕಡೆ ಮುಖ ಮಾಡಿದರು. ಹುಡುಗಿಯರು ಒಬ್ಬೊಬ್ಬರಾಗಿ ಒಳಗೆ ಹೋದರು, ಬಂದರು. ಚಿಲಕ ಬೀಳುವ ಸದ್ದು, ನೀರಿನ ಸದ್ದು. ನಾಳೆ ಹೊಸ ಬೀಗ ಬರುತ್ತದೆಂದು ನನಗೆ ಗೊತ್ತಿತ್ತು. ಅಮ್ಮನಿಗೂ ಗೊತ್ತಿತ್ತು. ಓಣಿಯಲ್ಲಿ ಯಾರ್‍ಯಾರ ಕೂಲಿ ನಿಲ್ಲುತ್ತದೋ ಅದು ಮಾತ್ರ ಗೊತ್ತಿರಲಿಲ್ಲ.

ಕೊನೆಯ ಹುಡುಗಿ ಹೊರಗೆ ಬಂದಳು. ಅವನು ಒಂದು ಹೆಜ್ಜೆ ಮುಂದಿಟ್ಟ. ನಾನು ಅವನ ಮುಂದೆ ಹಾದು ಹೊಸ್ತಿಲು ದಾಟಿದೆ.

"ಏಯ್, ನೀನ್ಯಾಕೆ—"

ಗೋಡೆಯ ನೀಲಿ ಅಕ್ಷರದ ಮೇಲೆ ಒಮ್ಮೆ ಬೆರಳಿಟ್ಟು ತೋರಿಸಿ, ಬಾಗಿಲು ಹಾಕಿದೆ. ಚಿಲಕ ಗಟ್ಟಿಯಾಗಿಯೇ ಇತ್ತು.

ಹೊರಗೆ ಅವನ ಶೂ ಒಂದೇ ಸಮನೆ ನೆಲ ಕುಟ್ಟುತ್ತಿತ್ತು. ಬಾಗಿಲು ಬಡಿದ. ಬೈದ. ಆಮೇಲೆ ಬೈಗುಳ ನಡುವೆ ನಿಂತು "ಅಯ್ಯೋ" ಎಂದ. ಶೂ ಸದ್ದು ನಿಂತಿತು. ಬಾಗಿಲ ಕೆಳಗಿನ ಸಂದಿಯಲ್ಲಿ ಒಂದು ಸಣ್ಣ ಕಾಲುವೆ ನಿಧಾನವಾಗಿ ಒಳಗೆ ಬಂತು.

ನಾನು ಕಮೋಡಿನ ಮೇಲೆ ಕಾಲು ಮೇಲೆತ್ತಿಕೊಂಡು ಕೂತೆ. ನನಗೇನೂ ಅವಸರವಿರಲಿಲ್ಲ.